ಬೇಲಿ ಹಾರಬೇಡಿ, ಗೇಟಿನಿಂದ ಹೋಗಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಏಷ್ಯಾದ ಪಾಳುಬಿದ್ದ ಮನರಂಜನಾ ಪಾರ್ಕುಗಳ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಫೋಟೊಗಳು ಬಹಳ ಚೆನ್ನಾಗಿದ್ದವು. ಆದರೆ ಇವನ್ನೆಲ್ಲ 'ದೆವ್ವದ ಪಾರ್ಕು' ಎಂದು ಕರೆದಿದ್ದು, ರಾತ್ರಿ ಬೇಲಿ ಹಾರಿ ಒಳಗೆ ಹೋಗುವುದನ್ನು ಸಾಹಸ ಅನ್ನುವಂತೆ ಬರೆದಿದ್ದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಈ ಪತ್ರ.

ನಾನು 31 ವರ್ಷ ಜಾತ್ರೆಗಳಲ್ಲಿ ಜಯಂಟ್ ವೀಲ್ ಫಿಟ್ಟರ್ ಆಗಿದ್ದವನು. ಶಿರಸಿ ಮಾರಿಕಾಂಬೆ ಜಾತ್ರೆ, ಬಾದಾಮಿ ಬನಶಂಕರಿ, ಕೊಟ್ಟೂರು, ಸವದತ್ತಿ ಎಲ್ಲ ಕಡೆ ತೊಟ್ಟಿಲು ನಿಲ್ಲಿಸಿದ್ದೇನೆ, ಬಿಚ್ಚಿದ್ದೇನೆ. ಹೋದ ವರ್ಷ ಅಕ್ಟೋಬರಿನಲ್ಲಿ ಮಗಳ ಮನೆಗೆಂದು ದಕ್ಷಿಣ ಕೊರಿಯಾದ ಸೋಲ್‌ಗೆ ಹೋಗಿದ್ದೆ. ಅಪ್ಪನಿಗೆ ಇಷ್ಟ ಆಗುತ್ತೆ ಅಂತ ಅವಳೇ ಯೋಂಗ್ಮಾ ಲ್ಯಾಂಡ್‌ಗೆ ಕರೆದುಕೊಂಡು ಹೋದಳು. ಊರಿನ ಪೂರ್ವಕ್ಕೆ ಒಂದು ಗುಡ್ಡದ ಬುಡದಲ್ಲಿರುವ ಚಿಕ್ಕ ಪಾರ್ಕು. 1980ರ ದಶಕದಲ್ಲಿ ಆ ಕಡೆಯ ಮಕ್ಕಳಿಗೆಲ್ಲ ಅದೇ ಜಾತ್ರೆ. 1989ರಲ್ಲಿ ಅದೇ ಊರಲ್ಲಿ ಲೊಟ್ಟೆ ವರ್ಲ್ಡ್ ಬಂತು, ಮಳೆ ಚಳಿ ತಾಗದಂತೆ ಸೂರಿನ ಕೆಳಗೇ ಆಟ. ಚಿಕ್ಕ ಪಾರ್ಕಿಗೆ ಜನ ಕಡಿಮೆಯಾಗುತ್ತಾ ಬಂದು 2011ರಲ್ಲಿ ಮುಚ್ಚಿತು.

ಆದರೆ ಅದರ ಮಾಲೀಕರು ಗೇಟಿಗೆ ಬೀಗ ಹಾಕಿ ಕೈ ತೊಳೆದುಕೊಳ್ಳಲಿಲ್ಲ. ಹಗಲಲ್ಲಿ ಟಿಕೆಟ್ ಕೊಟ್ಟು ಒಳಗೆ ಬಿಡುತ್ತಾರೆ. ನಾವು ತಲೆಗೆ 10,000 ವಾನ್ ಕೊಟ್ಟೆವು. ಮದುವೆ ಫೋಟೊ ತೆಗೆಸಿಕೊಳ್ಳುವ ಜೋಡಿಗಳು ಬರುತ್ತಾರೆ. ಹಾಡಿನ ವಿಡಿಯೊ, ಧಾರಾವಾಹಿ ಶೂಟಿಂಗ್ ಕೂಡ ನಡೆಯುತ್ತದೆ. ಬೇರೆ ದುಡ್ಡು ಕೊಟ್ಟರೆ ಸಂಜೆ ಮರಗುದುರೆಗಳ ದೀಪ ಹಚ್ಚುತ್ತಾರೆ. ಯಾರೋ ಹಚ್ಚಿಸಿದ್ದರು, ನಾವೂ ನಿಂತು ನೋಡಿದೆವು. ಕುದುರೆ ಯಾಕೆ ತಿರುಗ್ತಿಲ್ಲ ಅಂತ ಮೊಮ್ಮಗಳು ಕೇಳಿದಳು.

ನಾನು ಆಕ್ಟೋಪಸ್ ಆಟದ (ಉದ್ದ ತೋಳುಗಳ ತುದಿಯಲ್ಲಿ ಬೋಗಿ ಸುತ್ತುವ ಆಟ) ಹತ್ತಿರವೇ ಜಾಸ್ತಿ ಹೊತ್ತು ನಿಂತಿದ್ದೆ. ತೋಳು ಸೇರುವ ಕಡೆ ಗ್ರೀಸ್ ಒಣಗಿ, ಕಪ್ಪು ಅಂಟಿನ ಹಾಗೆ ಗಟ್ಟಿಯಾಗಿತ್ತು. ಯಾರೋ ಒಬ್ಬ ಫಿಟ್ಟರ್ ಬೆಳಿಗ್ಗೆ ಎದ್ದು ಬಂದು, ಮಕ್ಕಳು ಬರುವ ಮೊದಲು ಹಚ್ಚಿದ ಗ್ರೀಸು ಅದು. ಅದೇ ಕೊನೇ ಸಲ ಅಂತ ಅವನಿಗೆ ಗೊತ್ತಿತ್ತೋ ಇಲ್ಲವೋ. ಆಮೇಲೆ ಎಲ್ಲಿಗೆ ಹೋದ, ಏನು ಕೆಲಸ ಸಿಕ್ಕಿತು? ನಿಮ್ಮ ಲೇಖನದಲ್ಲಿ ಇಂಥವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇನ್ನೊಂದು ವಿಷಯ. ಹೋಗಿ ನೋಡಿ ಎಂದು ನೀವು ಕೊಟ್ಟ ಪಟ್ಟಿಯಲ್ಲಿ ಎರಡು ಜಾಗ ಈಗ ಇಲ್ಲವೇ ಇಲ್ಲ. ಬೀಜಿಂಗ್ ಹತ್ತಿರದ ವಂಡರ್‌ಲ್ಯಾಂಡ್ ಕೆಲಸ 1998ರಲ್ಲಿ ನಿಂತಿತು. ಅಲ್ಲಿ ಆಟ ಶುರುವಾಗಲೇ ಇಲ್ಲ. ಅರ್ಧ ಕಟ್ಟಿದ ಕೋಟೆಯ ಸುತ್ತ ಊರಿನ ರೈತರು ಮತ್ತೆ ಮೆಕ್ಕೆಜೋಳ ಬೆಳೆದರು. 2013ರಲ್ಲಿ ಅದನ್ನು ಕೆಡವಿದರು. ಜಪಾನಿನ ನಾರಾ ಡ್ರೀಮ್‌ಲ್ಯಾಂಡ್ ಕಥೆ ನನಗೆ ಇನ್ನೂ ಸಂಕಟ ಕೊಡುತ್ತದೆ. ಅಮೆರಿಕದ ಡಿಸ್ನಿಲ್ಯಾಂಡ್ ಮಾದರಿಯಲ್ಲಿ 1961ರಲ್ಲಿ ಶುರುವಾದದ್ದು. 1983ರಲ್ಲಿ ಟೋಕಿಯೊ ಕಡೆ ನಿಜವಾದ ಡಿಸ್ನಿಲ್ಯಾಂಡ್ ಬಂತು. 2001ರಲ್ಲಿ ಪಕ್ಕದ ಒಸಾಕಾದಲ್ಲಿ ಯೂನಿವರ್ಸಲ್ ಸ್ಟುಡಿಯೊ ಬಂತು. 2006ರ ಆಗಸ್ಟ್ 31ಕ್ಕೆ ನಾರಾ ಬಾಗಿಲು ಹಾಕಿತು. ಹತ್ತು ವರ್ಷ ಹಾಗೇ ಬಿದ್ದಿದ್ದು, 2016ರಲ್ಲಿ ಕೆಡವಲು ಶುರುಮಾಡಿ 2017ರಲ್ಲಿ ಮುಗಿಸಿದರು. ಅಲ್ಲಿ ಆಸ್ಕಾ ಅಂತ ಮರದ ರೋಲರ್ ಕೋಸ್ಟರ್ ಇತ್ತು. 1998ರಲ್ಲಿ ಬಂದದ್ದು, ಓಡಿದ್ದು ಎಂಟೇ ವರ್ಷ. ಮರದ ಕೋಸ್ಟರ್ ಅಂದರೆ ದಿನಾ ಹಳಿಯುದ್ದಕ್ಕೂ ನಡೆದು ನೋಡಬೇಕು. ಮಳೆಗೆ ಮರ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ಬೋಲ್ಟು ಸಡಿಲವಾಗುತ್ತದೆ. ಅಷ್ಟು ಜೋಪಾನ ಮಾಡಿದವರು ಅದು ಗಿಡಬಳ್ಳಿಯ ನಡುವೆ ಮುಳುಗಿದ ಫೋಟೊ ನೋಡಿ ಹೇಗೆ ತಡೆದುಕೊಂಡರೋ.

ಜಾತ್ರೆಯ ತೊಟ್ಟಿಲಿಗೆ ಈ ಗತಿ ಬರುವುದು ಅಪರೂಪ. ಜನ ಇಲ್ಲದಿದ್ದರೆ ಬಿಚ್ಚಿ ಲಾರಿಗೆ ಹಾಕಿಕೊಂಡು ಮುಂದಿನ ಊರಿಗೆ ಹೋಗುತ್ತೇವೆ. ಮಳೆಗಾಲದಲ್ಲಿ ಬಿಚ್ಚಿಟ್ಟು, ಎಣ್ಣೆ ಹಚ್ಚಿ, ತಾಡಪಾಲು ಹೊದಿಸುತ್ತೇವೆ. ಪಾರ್ಕಿನ ಆಟ ನೆಲಕ್ಕೆ ಕಾಂಕ್ರೀಟಿನಲ್ಲಿ ಕೂತಿರುತ್ತದೆ. ಜನ ಬರದಿದ್ದರೂ ಅಲ್ಲೇ ನಿಂತು ನೆನೆಯಬೇಕು.

ಈಗ ಬೇಲಿ ಹಾರುವ ಮಾತಿಗೆ ಬರುತ್ತೇನೆ. ಆಟಗಳಿಗೆ ಹಾಕುವ ಕಬ್ಬಿಣದ ಪೈಪು ಒಳಗಿನಿಂದ ತುಕ್ಕು ಹಿಡಿಯುತ್ತದೆ. ನೀರು ಒಳಗೆ ಸೇರಿ ನಿಲ್ಲುತ್ತದೆ. ಮೇಲೆ ಬಣ್ಣ ಹಾಗೇ ಇರುತ್ತದೆ. ನಾವು ಸ್ಪ್ಯಾನರಿನಿಂದ ತಟ್ಟಿ ನೋಡುತ್ತಿದ್ದೆವು. ಗಟ್ಟಿ ಪೈಪು ಠಣ್ ಅನ್ನುತ್ತದೆ, ಹೋದ ಪೈಪು ದಬ್ ಅನ್ನುತ್ತದೆ. ಕಣ್ಣಿಗೆ ಎರಡೂ ಒಂದೇ. ಒಂದೂರಲ್ಲಿ ಸಾಲದ ತಕರಾರಿಗೆ ಒಂದು ತೊಟ್ಟಿಲು ಎರಡು ಮಳೆಗಾಲ ಬಯಲಲ್ಲೇ ನಿಂತಿತ್ತು. ಅದನ್ನು ಬಿಚ್ಚಲು ನಮ್ಮನ್ನು ಕರೆಸಿದ್ದರು. ನಾವು ಹೋಗುವ ಹಿಂದಿನ ದಿನ ಹತ್ತು ವರ್ಷದ ಹುಡುಗನೊಬ್ಬ ಹತ್ತಿದ್ದ. ಹಿಡಿದ ಪೈಪು ಮುರಿದು ಬಿದ್ದು ಅವನ ಮೊಣಕೈ ಎರಡು ತುಂಡಾಗಿತ್ತು. ಆ ಪೈಪನ್ನು ನಾನೇ ಕೈಯಲ್ಲಿ ಹಿಡಿದು ನೋಡಿದೆ. ಒಳಗೆಲ್ಲ ಪುಡಿ, ಹೊರಗೆ ಹೊಸ ಪೈಪಿನಂತೆ ಹಸಿರು ಬಣ್ಣ.

ಹಳೇ ಫೈಬರ್ ಬೋಗಿಯೂ ಅಷ್ಟೇ. ಬಿಸಿಲಿಗೆ ಮೇಲ್ಪದರ ಪುಡಿಯಾಗಿ ಗಾಜಿನ ಎಳೆ ಎದ್ದಿರುತ್ತದೆ. ಮುಟ್ಟಿದರೆ ತುರಿಕೆ ಬೇಗ ಹೋಗಲ್ಲ. ವಿಯೆಟ್ನಾಮಿನ ಹುಯೆ ಊರಿನ ಕೆರೆಯಲ್ಲಿ ದೊಡ್ಡ ಡ್ರ್ಯಾಗನ್ ಇರುವ ವಾಟರ್ ಪಾರ್ಕಿನ ಚಿತ್ರ ಹಾಕಿದ್ದೀರಲ್ಲ, ಅದು 2004ರಲ್ಲಿ ಅರೆಬರೆ ಕೆಲಸದಲ್ಲೇ ತೆರೆದು ಬೇಗನೆ ಮುಚ್ಚಿದ್ದು. ಆ ಡ್ರ್ಯಾಗನ್ ಬಾಯಿಯವರೆಗೆ ಹುಡುಗರು ಹತ್ತಿ ನಿಂತಿರುವ ಫೋಟೊ ನೋಡಿದಾಗ ನನ್ನ ಕಣ್ಣು ಹೋಗುವುದು ಅವರ ಕಾಲ ಕೆಳಗಿನ ಕಂಬಿಗೆ.

ಲೇಖನದ ಎರಡನೇ ಭಾಗ ಮುಂದಿನ ವಾರ ಬರುತ್ತದೆ ಎಂದು ಹಾಕಿದ್ದೀರಿ. ದಯವಿಟ್ಟು ಅದರಲ್ಲಿ ಯೋಂಗ್ಮಾ ಲ್ಯಾಂಡ್‌ನಂಥ, ಟಿಕೆಟ್ ಕೊಟ್ಟು ಗೇಟಿನಿಂದ ಹೋಗಬಹುದಾದ ಜಾಗಗಳನ್ನು ಬರೆಯಿರಿ. ಹೋಗುವ ದಾರಿ, ತೆರೆದಿರುವ ಹೊತ್ತು ಹಾಕಿ. ಕೆಡವಿದ ಜಾಗಗಳ ಹೆಸರಿನ ಮುಂದೆ ಕೆಡವಿದ ವರ್ಷ ಹಾಕಿ. ಸಾಧ್ಯವಾದರೆ ಅಲ್ಲಿ ಕೆಲಸ ಮಾಡಿದ ಒಬ್ಬರನ್ನಾದರೂ ಹುಡುಕಿ ಮಾತನಾಡಿಸಿ.

ಇಂತಿ,
ಒಬ್ಬ ನಿವೃತ್ತ ಜಯಂಟ್ ವೀಲ್ ಫಿಟ್ಟರ್
ಹಾವೇರಿ