ಕರೆ ಬರುವುದು ಫಾದರ್‌ಗಳಿಗೆ ಮಾತ್ರವೇ?

ಮಾನ್ಯ ಸಂಪಾದಕರಿಗೆ,

ದೇವರ ಸೇವೆಗೆ ಯುವಕರು ಮುಂದೆ ಬರುತ್ತಿಲ್ಲ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಬೇಸರಪಟ್ಟು ಬರೆದಿದ್ದರು. ಫಾದರ್, ಪಾಸ್ಟರ್, ಸಿಸ್ಟರ್ ಆಗುವವರು ಕಡಿಮೆಯಾಗಿದ್ದಾರೆ ಅನ್ನುವುದು ಅವರ ಸಂಕಟ. ಇರಲಿ. ಆದರೆ ಯೇಸುವಿನ ಕರೆ ಅಂದರೆ ಅಷ್ಟೇನಾ? ಹಾಗಾದರೆ ಕೊಡಗಿನ ಸಿದ್ದಾಪುರ, ಅಮ್ಮತ್ತಿ, ಸುಂಟಿಕೊಪ್ಪ ಕಡೆಯ ತೋಟಗಳಲ್ಲಿ ದುಡಿಯುವ ನಮ್ಮಂಥವರು ಭಾನುವಾರ ಚರ್ಚಿಗೆ ಹೋಗಿ ಬಂದರೆ ಸಾಕು ಅಂತಾಯ್ತು, ಅಲ್ವಾ?

ನಾನು ಕಾಫಿ ತೋಟದಲ್ಲಿ ರೈಟರ್, ಅಂದರೆ ತೂಕ, ಕೂಲಿಯ ಲೆಕ್ಕ ಬರೆಯುವವನು. ಈಗ ರೊಬಸ್ಟಾ ಕೊಯ್ಲು ನಡೆಯುತ್ತಿದೆ. ಸಂಜೆ ಹಣ್ಣಿನ ಚೀಲಗಳು ತೂಕಕ್ಕೆ ಬರುತ್ತವೆ. ಕೂಲಿ ಕಿಲೋ ಲೆಕ್ಕದಲ್ಲಿ. ಕೊಯ್ಯುವವರಲ್ಲಿ ಅಸ್ಸಾಂ ಕಡೆಯಿಂದ ಬಂದವರು ಜಾಸ್ತಿ, ಪುಸ್ತಕದಲ್ಲಿ ನಾವು ಏನು ಬರೆದೆವು ಅಂತ ಅವರು ನೋಡುವುದೂ ಇಲ್ಲ, ನೋಡಿದರೂ ಕೇಳುವ ಧೈರ್ಯ ಇಲ್ಲ. ತೂಕ 47 ದಾಟಿ ಅರ್ಧಕ್ಕೆ ನಿಂತರೂ 47 ಅಂತಲೇ ಬರೆಯುವ ತೋಟಗಳಿವೆ. ಅದರ ಮೇಲೆ ಚೀಲದ ತೂಕ, ಎಲೆ, ಕಡ್ಡಿ ಅಂತ ಇನ್ನಷ್ಟು ಕಳೆಯುತ್ತಾರೆ. ಅರ್ಧ ಕಿಲೋ ತಾನೇ? 40 ಜನರಿದ್ದರೆ ದಿನಕ್ಕೆ 20 ಕಿಲೋ ಹಣ್ಣು ಪುಕ್ಕಟೆಯಾಗಿ ಕೊಯ್ಸಿದ ಹಾಗಾಯ್ತು. ಇದನ್ನು ಯಾರೂ ಕಳ್ಳತನ ಅನ್ನುವುದಿಲ್ಲ, 'ರೌಂಡ್ ಮಾಡಿದ್ದು' ಅಂತಾರೆ.

ಬೈಬಲಿನ ಧರ್ಮೋಪದೇಶಕಾಂಡದ 25ನೇ ಅಧ್ಯಾಯದಲ್ಲಿ, ಚೀಲದಲ್ಲಿ ಎರಡು ಬಗೆಯ ತೂಕದ ಕಲ್ಲು ಇಟ್ಟುಕೊಳ್ಳಬೇಡ ಎಂದು ಸ್ಪಷ್ಟವಾಗಿ ಹೇಳಿದೆ. ಇದರ ಮೇಲೆ ಚರ್ಚಿನಲ್ಲಿ ಪ್ರಸಂಗ ಕೇಳಿದ ನೆನಪು ನನಗಿಲ್ಲ.

ಕರೆ ಅಂದಕೂಡಲೇ ಎಲ್ಲರೂ ಮೀನುಗಾರ ಪೇತ್ರ ಬಲೆ ಬಿಟ್ಟು ಯೇಸುವಿನ ಹಿಂದೆ ಹೋದದ್ದನ್ನೇ ಹೇಳುತ್ತಾರೆ. ಮತ್ತಾಯನೂ ಸುಂಕದ ಕಟ್ಟೆಯಿಂದ ಎದ್ದು ಹೋದ, ನಿಜ. ಆದರೆ ಯೆರಿಕೋವಿನ ಜಕ್ಕಾಯ? ಅವನು ಸುಂಕದವರಿಗೆಲ್ಲ ಮುಖ್ಯಸ್ಥ. ಯೇಸು ಅವನ ಮನೆಗೆ ಹೋದಾಗ, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಎಂದ. ಕೆಲಸ ಬಿಟ್ಟ ಅಂತ ಎಲ್ಲೂ ಬರೆದಿಲ್ಲ. ಅದಕ್ಕೂ ಮೊದಲೇ ಸುಂಕದವರು ಸ್ನಾನಿಕನಾದ ಯೋಹಾನನ ಹತ್ತಿರ ಬಂದು 'ನಾವೇನು ಮಾಡಬೇಕು' ಅಂತ ಕೇಳಿದಾಗ, ಗೊತ್ತು ಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಅಂದನೇ ಹೊರತು ಕಟ್ಟೆ ಮುಚ್ಚಿ ನನ್ನ ಹಿಂದೆ ಬನ್ನಿ ಅನ್ನಲಿಲ್ಲ. ಅಪೊಸ್ತಲ ಪೌಲನಂತೂ ಕೊರಿಂಥದಲ್ಲಿ ಡೇರೆ ಹೊಲಿಯುತ್ತಲೇ ಸುವಾರ್ತೆ ಸಾರಿದ. ನನ್ನ ಮಟ್ಟಿಗೆ ಬಿಟ್ಟು ಹೋಗುವುದಕ್ಕಿಂತ ಅಲ್ಲೇ ಉಳಿದು ಸರಿಯಾಗಿ ಬರೆಯುವುದು ಕಷ್ಟದ ಕೆಲಸ.

ಕಷ್ಟ ಯಾಕೆ ಅಂದರೆ, ಸರಿಯಾದ ತೂಕ ಬರೆದರೆ ಮ್ಯಾನೇಜರ್ ಕರೆದು ಕೇಳುತ್ತಾರೆ. ಕೆಲಸ ಹೋದರೆ ಕ್ವಾರ್ಟರ್ಸ್ ಕೂಡ ಹೋಗುತ್ತದೆ, ಮಕ್ಕಳ ಶಾಲೆ ಇಲ್ಲೇ ಇದೆ. ಮಾಲೀಕರಿಗೂ ತೊಂದರೆ ಇದೆ, ಇಲ್ಲ ಅನ್ನುವುದಿಲ್ಲ. ಕೊಯ್ಲಿನ ಹೊತ್ತಿಗೆ ಮಳೆ ಬರುತ್ತದೆ, ಆನೆ ನುಗ್ಗಿದರೆ ಒಂದೇ ರಾತ್ರಿಯಲ್ಲಿ ಗಿಡಗಳು ನೆಲಸಮ. ಆದರೂ ಆ ನಷ್ಟವನ್ನು ಕೊಯ್ಯುವವರ ಚೀಲದಿಂದ ತೆಗೆಯುವುದು ಯಾವ ನ್ಯಾಯ?

ಇದೆಲ್ಲ ಕ್ರೈಸ್ತರಿಗೆ ಮಾತ್ರ ಗೊತ್ತು ಅಂತ ಹೇಳುತ್ತಿಲ್ಲ. ನಮ್ಮ ಮೇಸ್ತ್ರಿ ಚರ್ಚಿನ ಮೆಟ್ಟಿಲು ಹತ್ತಿದವರಲ್ಲ, ಲೆಕ್ಕದಲ್ಲಿ ನನಗಿಂತ ಕಟ್ಟುನಿಟ್ಟು. ಆದರೆ ಯೇಸುವನ್ನು ಹಿಂಬಾಲಿಸುತ್ತೇನೆ ಅಂತ ಹೇಳಿಕೊಳ್ಳುವವನು ಅವರಿಗಿಂತ ಕಡಿಮೆ ಇರಬಾರದು ನೋಡಿ.

1792ರಲ್ಲಿ ವಿರಾಜಪೇಟೆಯಲ್ಲಿ ಸಂತ ಅನ್ನಮ್ಮನವರ ಚರ್ಚ್ ಶುರುವಾಯಿತು. ಅಂದಿನಿಂದ ಜಿಲ್ಲೆಯಲ್ಲಿ ಕ್ರೈಸ್ತರಾದ ನಾವಿದ್ದೇವೆ. ಇಷ್ಟು ವರ್ಷದಲ್ಲಿ ತೋಟದ ತೂಕದ ಬಗ್ಗೆ ನಾವು ಮಾತಾಡಿದ್ದು ತೀರಾ ಕಡಿಮೆ. ಫಾದರ್‌ಗಳಲ್ಲಿ, ಪಾಸ್ಟರ್‌ಗಳಲ್ಲಿ ಒಂದೇ ಕೋರಿಕೆ: ಈ ಕೊಯ್ಲು ಮುಗಿಯುವುದರೊಳಗೆ ಒಂದು ಭಾನುವಾರ ಯಾಕೋಬನ ಪತ್ರದ 5ನೇ ಅಧ್ಯಾಯ ಓದಿ. ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ ಕೂಗುತ್ತದೆ ಎಂಬ ಮಾತು ಅಲ್ಲಿದೆ. ಮಾಲೀಕರೂ ಇರುತ್ತಾರೆ, ನಾವು ರೈಟರ್‌ಗಳೂ ಇರುತ್ತೇವೆ. ಮಾಲೀಕರಲ್ಲಿ ಕೇಳುವುದು ಇಷ್ಟು: ತೂಕದ ಅಂಕಿ ಕೊಯ್ದವರಿಗೂ ಕಾಣುವ ಹಾಗೆ ಯಂತ್ರ ತಿರುಗಿಸಿಡಿ, ಅವರ ಕೈಗೆ ಒಂದು ಚೀಟಿ ಕೊಡಿ, ಸಂತೆಗೆ ಮುಂಚೆ ಕೂಲಿ ಕೊಡಿ.

– ಒಬ್ಬ ತೋಟದ ರೈಟರ್, ಸಿದ್ದಾಪುರ, ಕೊಡಗು