ಹಿಡಿತ ಮರಳಿಸಿದವರಿಗೆ ನಮಸ್ಕಾರ

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗಾಗಿ ನನಗೆ ಶಸ್ತ್ರಚಿಕಿತ್ಸೆಯಾಗಿ ವರ್ಷ ತುಂಬಿತು. ರಕ್ತಪರೀಕ್ಷೆಯ ವರದಿಗಳು ಸಮಾಧಾನಕರವಾಗಿವೆ ಎಂಬ ಸುದ್ದಿ ಬಂಧುಮಿತ್ರರಿಗೆಲ್ಲ ಈಗಾಗಲೇ ತಿಳಿದಿದೆ. ಆದರೆ ಗ್ರಂಥಿಯನ್ನು ತೆಗೆದ ನಂತರ ತಿಂಗಳುಗಟ್ಟಲೆ ನನಗೆ ಮೂತ್ರದ ಮೇಲೆ ಹಿಡಿತವಿರಲಿಲ್ಲವೆಂಬುದೂ, ಆ ಹಿಡಿತವನ್ನು ಮರಳಿ ದೊರಕಿಸಿಕೊಟ್ಟವರು ಒಬ್ಬ ಫಿಸಿಯೋಥೆರಪಿಸ್ಟ್ ಎಂಬುದೂ ಹೆಚ್ಚಿನವರಿಗೆ ಗೊತ್ತಿಲ್ಲ. ಹೆಸರು ಬರೆಯಬೇಡಿ ಎಂದು ಅವರೇ ಕೇಳಿಕೊಂಡಿರುವುದರಿಂದ ಇಲ್ಲಿ ಮೇಡಂ ಎಂದಷ್ಟೇ ಬರೆಯುತ್ತೇನೆ.

ಮೂತ್ರ ಹರಿಯಲು ಹಾಕಿದ್ದ ಕೊಳವೆಯನ್ನು (ಕ್ಯಾತಿಟರ್) ತೆಗೆದ ಮೇಲೆ ಕುರ್ಚಿಯಿಂದ ಎದ್ದರೆ, ಕೆಮ್ಮಿದರೆ, ಕೊಡ ಎತ್ತಿದರೆ ಮೂತ್ರ ಸೋರುತ್ತಿತ್ತು. ಸಂಜೆಯಾದಂತೆ ಸ್ನಾಯುಗಳು ದಣಿದು ಇನ್ನೂ ಹೆಚ್ಚುತ್ತಿತ್ತು. ಮೂತ್ರಕೋಶದ ಕೊರಳಿನಲ್ಲಿ ಮೂತ್ರವನ್ನು ತಡೆಯುವ ಒಳಸ್ನಾಯುವಿನ ಬಿಗಿತ ಶಸ್ತ್ರಚಿಕಿತ್ಸೆಯಲ್ಲಿ ಕಡಿಮೆಯಾಗುವುದರಿಂದ, ಉಳಿದ ಹೊರಸ್ನಾಯು ಮತ್ತು ಅದಕ್ಕೆ ಆಸರೆಯಾದ, ಮೂತ್ರಕೋಶವನ್ನು ಕೆಳಗಿನಿಂದ ಹೊತ್ತಿರುವ ಶ್ರೋಣಿತಳದ ಸ್ನಾಯುಗಳೇ ಇನ್ನು ಮುಂದೆ ಆ ಕೆಲಸವನ್ನೂ ಹೊರಬೇಕೆಂದು ಮೇಡಂ ಚಿತ್ರ ಬರೆದು ವಿವರಿಸಿದರು. 1948ರಲ್ಲಿ ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಪ್ರಕಟಿಸಿದ ಈ ಸ್ನಾಯುಗಳ ವ್ಯಾಯಾಮ ಮೊದಲು ಬಾಣಂತಿಯರಿಗೆಂದೇ ಪ್ರಸಿದ್ಧವಾದದ್ದರಿಂದಲೋ ಏನೋ, ಅವರ ಕೋಣೆಯ ಮುಂದೆ ಕಾಯುತ್ತಿದ್ದವರಲ್ಲಿ ಬಹುಪಾಲು ಹೆಂಗಸರೇ. ನನ್ನನ್ನು ಕಂಡು ಯಾರೂ ಹುಬ್ಬೇರಿಸಲಿಲ್ಲ; ಆ ಸೋದರಿಯರಿಗೂ ನಾನು ಋಣಿ.

ವ್ಯಾಯಾಮದ ಚೀಟಿ ಕೊಟ್ಟು ಕಳುಹಿಸುವುದು ಸುಲಭವಾಗಿತ್ತು. ಮೇಡಂ ಹಾಗೆ ಮಾಡಲಿಲ್ಲ. ಹೊಟ್ಟೆ, ತೊಡೆ, ಪೃಷ್ಠಗಳನ್ನು ಬಿಗಿಹಿಡಿದು, ಉಸಿರುಗಟ್ಟಿ ಕೆಳಕ್ಕೆ ತಿಣುಕುವುದನ್ನೇ ವ್ಯಾಯಾಮವೆಂದುಕೊಳ್ಳುವವರು ಬಹಳ ಮಂದಿ ಎಂದು ಹೇಳಿ, ಕೆಳಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಸಾಧನವಿಟ್ಟು, ಸರಿಯಾದ ಸ್ನಾಯು ಸಂಕುಚಿಸಿದಾಗ ಮೂತ್ರಕೋಶದ ತಳ ಮೇಲಕ್ಕೇಳುವುದನ್ನು ಪರದೆಯ ಮೇಲೆ ನನಗೇ ತೋರಿಸಿದರು. ಹಿಡಿದಷ್ಟೇ ಹೊತ್ತು ಸಡಿಲಿಸುವುದೂ ವ್ಯಾಯಾಮದ ಭಾಗವೆಂದರು. ಮೊದಲು ಮಲಗಿ, ಆಮೇಲೆ ಕುಳಿತು, ಕೊನೆಗೆ ನಿಂತು ಮಾಡಿಸಿದರು; ಕೆಮ್ಮು ಬರುವ ಕ್ಷಣಕ್ಕೆ ಮುಂಚೆಯೇ ಸ್ನಾಯುವನ್ನು ಎಳೆದುಕೊಳ್ಳುವ ಉಪಾಯವನ್ನು ಹೇಳಿಕೊಟ್ಟರು. ಹೊರಗೆ ಹೋಗುವಾಗ ನೀರು ಕುಡಿಯದಿರುವುದು ಪರಿಹಾರವಲ್ಲ, ಮೂತ್ರ ಗಾಢವಾದರೆ ಮೂತ್ರಕೋಶ ಇನ್ನಷ್ಟು ಕೆರಳುತ್ತದೆ ಎಂದು ಎಚ್ಚರಿಸಿದರು. ಕಾಫಿಯನ್ನು ಕಡಿಮೆ ಮಾಡಿಸಿದರೂ ಬೆಳಗಿನ ಒಂದು ಲೋಟವನ್ನು ಉಳಿಸಿಕೊಟ್ಟರು. ಅದಕ್ಕೆ ಪ್ರತ್ಯೇಕ ಧನ್ಯವಾದ.

ಮೊದಲ ತಿಂಗಳು, ಸೋರಿಕೆ ಹೀರಲು ಹಾಕಿಕೊಳ್ಳುತ್ತಿದ್ದ ಪ್ಯಾಡುಗಳ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ. ಸ್ನಾಯು ಬಲಗೊಳ್ಳಲು ತಿಂಗಳುಗಳೇ ಬೇಕೆಂದು ಮೇಡಂ ಮೊದಲೇ ತಿಳಿಸಿದ್ದರಿಂದ ಬಿಡದೆ ಮುಂದುವರಿಸಿದೆ. ಸೋರಿಕೆ ಮೊದಲು ರಾತ್ರಿ ನಿಂತಿತು, ಆಮೇಲೆ ಹಗಲು ಕಡಿಮೆಯಾಯಿತು. ಕಳೆದ ತಿಂಗಳು ಮೊಮ್ಮಗನ ಉಪನಯನಕ್ಕೆ ಶಿವಮೊಗ್ಗದಿಂದ ಬೆಂಗಳೂರಿಗೆ ಬಸ್ಸಿನಲ್ಲೇ ಹೋಗಿ, ಪಂಚೆಯುಟ್ಟು ನಿಶ್ಚಿಂತೆಯಿಂದ ಪಂಕ್ತಿಯಲ್ಲಿ ಕುಳಿತು ಊಟ ಮಾಡಿದೆ. ಜೋರಾಗಿ ಸೀನಿದರೆ ಈಗಲೂ ಒಂದೆರಡು ಹನಿ ಬೀಳುವುದುಂಟು.

ಹಾಸಿಗೆಯ ಬಟ್ಟೆಗಳನ್ನು ಒಂದು ಮಾತೂ ಆಡದೆ ಬದಲಿಸಿದ ಹೆಂಡತಿಗೆ, ಕೇಳುವ ಮೊದಲೇ ಪ್ಯಾಡಿನ ಪೊಟ್ಟಣವನ್ನು ಪತ್ರಿಕೆಯಲ್ಲಿ ಸುತ್ತಿಕೊಡುತ್ತಿದ್ದ ಔಷಧಿ ಅಂಗಡಿಯ ಹುಡುಗನಿಗೆ, ವಾಕಿಂಗ್ ನಡುವೆ ನಾನು ಮಾಯವಾದಾಗ ಕಾರಣ ಕೇಳದೆ ಕಾದುನಿಂತ ಗೆಳೆಯರಿಗೆ ನನ್ನ ನಮಸ್ಕಾರಗಳು. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದವರು ಅದಕ್ಕೆ ಮುಂಚೆಯೇ ಈ ವ್ಯಾಯಾಮ ಕಲಿತರೆ ಒಳ್ಳೆಯದೆಂದು ಮೇಡಂ ಹೇಳುತ್ತಾರೆ. ಬರಲು ಸಂಕೋಚಪಡುವ ಗಂಡಸರಿದ್ದರೆ ನನ್ನ ಫೋನ್ ನಂಬರ್ ಕೊಡಿ ಎಂದು ಅವರಿಗೆ ತಿಳಿಸಿದ್ದೇನೆ.