ಆಫರ್ ಲೆಟರಿನ ನಾಲ್ಕನೇ ಪುಟ

ಚಿರಂಜೀವಿ ಪುಟ್ಟುಗೆ,

ರಾಜಾಜಿನಗರದಿಂದ ನಿನ್ನ ಅತ್ತೆ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

"ಮೈಸೂರಿನ ಕೆಲಸ ಬಿಟ್ಟು ಬೆಂಗಳೂರಿನ ಹೊಸ ಕೆಲಸಕ್ಕೆ ಹೋಗಲಾ ಬೇಡವಾ, ಒಂದೇ ಮಾತಲ್ಲಿ ಹೇಳಿ ಅತ್ತೆ" ಅಂದೆಯಲ್ಲ, ಒಂದೇ ಮಾತಲ್ಲಿ ಮುಗಿಯುವಂಥದ್ದಾಗಿದ್ದರೆ ನೀನು ನನ್ನವರೆಗೂ ಬರುತ್ತಿರಲಿಲ್ಲ. ಫೋನಿನಲ್ಲಾದರೆ ನಾನು ಅರ್ಧ ಹೇಳುವಷ್ಟರಲ್ಲಿ "ಹೌದು, ಆದ್ರೆ" ಅಂತ ಶುರು ಮಾಡುತ್ತೀಯ. ಅದಕ್ಕೇ ಕಾಗದ. ಪೂರ್ತಿ ಓದಿದ ಮೇಲೆ ವಾದ ಮಾಡು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಆಫರ್ ಲೆಟರ್ ನೋಡಿದೆ. ಮೊದಲ ಪುಟದಲ್ಲಿ ವರ್ಷಕ್ಕೆ 16 ಲಕ್ಷ ಅಂತ ದಪ್ಪ ಅಕ್ಷರದಲ್ಲಿದೆ. ಈಗಿನದು 9 ಲಕ್ಷ. ಏಳು ಲಕ್ಷ ಜಾಸ್ತಿ ಎಂದು ನೀನು ಹೇಳಿದ್ದು ಈ ಪುಟ ನೋಡಿ. ಪೀಣ್ಯದ ಕಾರ್ಖಾನೆಯೊಂದರ ಸಂಬಳದ ವಿಭಾಗದಲ್ಲೇ ಸರ್ವಿಸ್ ಮುಗಿಸಿದವಳು ನಾನು. ಮೊದಲ ಪುಟ ನೋಡುವ ಅಭ್ಯಾಸ ನನಗಿಲ್ಲ. ಸಂಬಳದ ಪಟ್ಟಿ ಇರುವುದು ನಾಲ್ಕನೇ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ಅದನ್ನು ಪೆನ್ನು ಹಿಡಿದು ಕೂತು ಓದಿದೆ.

ಆ 16 ಲಕ್ಷದೊಳಗೆ 1.6 ಲಕ್ಷ ವೇರಿಯಬಲ್ ಪೇ. ಕಂಪನಿಗೆ ಲಾಭ ಬಂದು, ನಿನ್ನ ಮೇಲಿನವರಿಗೂ ನೀನು ಹಿಡಿಸಿದರೆ ವರ್ಷದ ಕೊನೆಗೆ ಬರುವ ಹಣ. ಒಂದು ಲಕ್ಷ ಜಾಯಿನಿಂಗ್ ಬೋನಸ್, ಅದು ಮೊದಲ ವರ್ಷಕ್ಕೆ ಮಾತ್ರ. ಕಂಪನಿ ಕಟ್ಟುವ ಪಿಎಫ್ 75 ಸಾವಿರ, ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದು ಬಿಡುವಾಗ ಕೊಡುವ ಹಣ, ಅಂತ 30 ಸಾವಿರ, ಆರೋಗ್ಯ ವಿಮೆಗೆ 15 ಸಾವಿರ. ಇದೆಲ್ಲ ಸೇರಿ 3.8 ಲಕ್ಷ. ಉಳಿದದ್ದು 12.2 ಲಕ್ಷ, ಅಂದರೆ ತಿಂಗಳಿಗೆ ಒಂದು ಲಕ್ಷದ ಚಿಲ್ಲರೆ. ಅದರಲ್ಲಿ ನಿನ್ನ ಪಾಲಿನ ಪಿಎಫ್ 6 ಸಾವಿರದ ಮೇಲೆ ಹೋಗುತ್ತದೆ. ಪ್ರೊಫೆಷನಲ್ ಟ್ಯಾಕ್ಸ್ 200 ರೂಪಾಯಿ. ಈಗ ನಿನಗೆ ಆದಾಯ ತೆರಿಗೆಯೇ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಸಂಬಳದವರಿಗೆ ಬಿಡುವ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 12 ಲಕ್ಷದವರೆಗೂ ಏನೂ ಕಟ್ಟಬೇಕಿಲ್ಲ. ಹೊಸ ಕೆಲಸದ ಮೊದಲ ವರ್ಷ ಬೋನಸ್ ಸೇರಿಕೊಂಡು ಆ ಗೆರೆ ದಾಟುತ್ತೀಯ. ಎಲ್ಲ ಕಳೆದು ಕೈಗೆ ಬರುವುದು 91 ಸಾವಿರದ ಆಸುಪಾಸು. ಈಗ ಬರುತ್ತಿರುವುದು 64 ಸಾವಿರ. ವ್ಯತ್ಯಾಸ 27 ಸಾವಿರ.

ಇನ್ನು ಹೊಸ ಆಫೀಸಿರುವ ವೈಟ್‌ಫೀಲ್ಡ್ ಕಡೆ, ಪಟ್ಟಂದೂರು ಅಗ್ರಹಾರದ ಹತ್ತಿರ ಒಂದು ರೂಮಿನ ಮನೆಗೆ 20 ಸಾವಿರ ಬಾಡಿಗೆ ಎಂದು ನೀನೇ ವಿಚಾರಿಸಿಕೊಂಡು ಬಂದಿದ್ದೀಯ. ಮೇಂಟೆನೆನ್ಸ್ ಬೇರೆ, ಅಡ್ವಾನ್ಸ್ ಬೇರೆ. ಕರೆಂಟು, ಗ್ಯಾಸು, ಊಟ, ಎರಡು ವಾರಕ್ಕೊಮ್ಮೆ ಮೈಸೂರಿಗೆ ಓಡಾಟ. ಏಳು ಲಕ್ಷ ಎಲ್ಲಿ ಹೋಯಿತು ನೋಡು. ಮೈಸೂರಿನಲ್ಲಿ ಅಮ್ಮನ ಕೈ ಊಟ ಮಾಡಿಕೊಂಡು ತಿಂಗಳಿಗೆ ನೀನು ಉಳಿಸುತ್ತಿರುವಷ್ಟೂ ಇಲ್ಲಿ ಉಳಿಯುವುದು ಅನುಮಾನ.

ಹಾಗಂತ ಹೋಗಬೇಡ ಅನ್ನುತ್ತಿಲ್ಲ. "ಸಂಬಳಕ್ಕಾಗಿ ಹೋಗುತ್ತಿದ್ದೇನೆ" ಎನ್ನುವ ಮಾತನ್ನು ಮಾತ್ರ ಬಿಡು. ಈ ವರ್ಷದ ಮಟ್ಟಿಗೆ ಅದು ಲೆಕ್ಕಕ್ಕೆ ನಿಲ್ಲುವುದಿಲ್ಲ.

ಈಗ ನೀನು ಹತ್ತು ಸಲ ಹೇಳಿದ ಇನ್ನೊಂದು ಮಾತು, "ಇಲ್ಲಿ ಆರಾಮಾಗಿದೀನಿ ಅತ್ತೆ". ಆರಾಮಾಗಿರುವುದು ತಪ್ಪಲ್ಲ ಕಣೋ. ಆರಾಮ ಎಂದರೆ ಸೋಮಾರಿತನ ಎಂದು ಭಾಷಣ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ಆ ಆರಾಮ ಯಾರದ್ದು ಅಂತ ಒಂದು ಸಲ ಬಿಡಿಸಿ ನೋಡು. ಮೈಸೂರಿನ ಹೆಬ್ಬಾಳದ ಆಫೀಸಿನಿಂದ ಇಪ್ಪತ್ತು ನಿಮಿಷಕ್ಕೆ ಸ್ಕೂಟರಿನಲ್ಲಿ ಮನೆ ಸೇರುವುದು ಮೈಸೂರು ಊರು ಕೊಟ್ಟ ಆರಾಮ. ಬಿಸಿ ಊಟ ನಿಮ್ಮಮ್ಮನದ್ದು. ಕೇಳಿದ ದಿನ ರಜೆ, ತಡವಾದರೆ ಯಾರೂ ಕೇಳದಿರುವುದು, ತಪ್ಪಾದರೆ ಬಾಗಿಲು ಮುಚ್ಚಿಕೊಂಡು ಮೆಲ್ಲಗೆ ಹೇಳುವುದು, ಇದೆಲ್ಲ ನಿನ್ನ ಮ್ಯಾನೇಜರರ ಗುಣ. ಅವರು ಮುಂದಿನ ವರ್ಷ ಮಗಳ ಹತ್ತಿರ ಪುಣೆಗೆ ಹೋಗುತ್ತಾರೆ ಎಂದು ನೀನೇ ದೀಪಾವಳಿಗೆ ಬಂದಾಗ ಹೇಳಿದ್ದೆ. ಅವರು ಹೋದ ಮರುತಿಂಗಳು ನಿನ್ನ ಆರಾಮದಲ್ಲಿ ಎಷ್ಟು ಉಳಿಯುತ್ತದೆ?

ಇದು ನಾನು ಊಹಿಸಿ ಹೇಳುತ್ತಿರುವುದಲ್ಲ. ಕೆಲಸ ಬಿಡುವವರ ಫೈನಲ್ ಸೆಟಲ್‌ಮೆಂಟ್ ಆಗುತ್ತಿದ್ದದ್ದು ನನ್ನ ಮೇಜಿನ ಮೇಲೆ. ಚೆಕ್ಕಿಗೆ ಕಾಯುತ್ತಾ ಕೂತಾಗ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಸಂಬಳ ಸಾಲದೆ ಬಿಟ್ಟವರಿಗಿಂತ ಮೇಲಿನವರು ಬದಲಾಗಿ ಬಿಟ್ಟವರೇ ಜಾಸ್ತಿ. ಅದೇ ಕುರ್ಚಿ, ಅದೇ ಕ್ಯಾಂಟೀನು, ಆದರೆ ಕೆಲಸ ಬೇರೆಯೇ ಆಗಿರುತ್ತಿತ್ತು. ದೊಡ್ಡ ಸಂಸ್ಥೆಯಾದರೂ ಅಷ್ಟೇ. ನಮ್ಮ ಕಾಲದಲ್ಲಿ ಜಾಲಹಳ್ಳಿ ಎಚ್‌ಎಂಟಿಯಲ್ಲಿ ಕೆಲಸ ಸಿಕ್ಕಿದರೆ ಜೀವನ ಮುಗಿಯುವವರೆಗೂ ಚಿಂತೆ ಇಲ್ಲ ಅನ್ನುತ್ತಿದ್ದರು. ಕಾಲೊನಿ, ಆಸ್ಪತ್ರೆ, ಆಟದ ಮೈದಾನ ಎಲ್ಲ ಇತ್ತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಜೊತೆ ಸೇರಿ ಶುರುವಾದ ವಾಚ್ ತಯಾರಿಕೆ. 2016ರಲ್ಲಿ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿತು. ನಿಮ್ಮಪ್ಪನ ಕೈಯಲ್ಲಿ ಈಗಲೂ ಅದೇ ವಾಚು.

ಅದಕ್ಕಿಂತ ನನ್ನನ್ನು ಯೋಚನೆಗೆ ಹಚ್ಚಿದ್ದು ನಿನ್ನದೇ ಇನ್ನೊಂದು ಮಾತು. ಈ ಸಲದ ಅಪ್ರೈಸಲ್ ಫಾರ್ಮಿಗೆ ಹೋದ ವರ್ಷದ್ದನ್ನೇ ತಾರೀಕು ಬದಲಿಸಿ ಹಾಕಿದೆ, ಯಾರಿಗೂ ಗೊತ್ತಾಗಲಿಲ್ಲ ಅಂತ ನಕ್ಕೆ. ನಿಮ್ಮ ಮಾವನೂ ನಕ್ಕರು. ನನಗೆ ನಗು ಬರಲಿಲ್ಲ. "ಈ ವರ್ಷ ಹೊಸದಾಗಿ ಏನು ಕಲಿತಿರಿ" ಎನ್ನುವ ಕಾಲಂಗೆ ಹಳೆಯ ಉತ್ತರ ಸರಿಹೋಯಿತು ಅಂದರೆ ಏನರ್ಥ? ಮೋಸ ಮಾಡಿದೆ ಅಂತ ಬೈಯುತ್ತಿಲ್ಲ. ಬರೆಯುವುದಕ್ಕೆ ಹೊಸದೇನೂ ಇರಲಿಲ್ಲ, ಅಲ್ವಾ? ನಿನಗಿನ್ನೂ ಇಪ್ಪತ್ತೇಳು. ಐವತ್ತರಲ್ಲಿ ಹೀಗಾದರೆ ಸುಮ್ನೆ ಇರು ಅನ್ನುತ್ತಿದ್ದೆ.

ಆದ್ದರಿಂದ ಹೊಸ ಕಂಪನಿಯವರನ್ನು ಸಂಬಳದ ಬಗ್ಗೆ ಕೇಳುವ ಮೊದಲು ಕೆಲಸದ ಬಗ್ಗೆ ಕೇಳು. ಎಚ್‌ಆರ್ ಹುಡುಗಿಯನ್ನಲ್ಲ, ನೀನು ಯಾರ ಕೈಕೆಳಗೆ ಇರುತ್ತೀಯೋ ಅವರ ಜೊತೆ ಅರ್ಧ ಗಂಟೆ ಮಾತಾಡಬೇಕು ಅನ್ನು. ಮೊದಲ ಆರು ತಿಂಗಳು ನನ್ನ ಕೈಗೆ ಯಾವ ಕೆಲಸ ಕೊಡುತ್ತೀರಿ? ನನಗಿಂತ ಮುಂಚೆ ಆ ಜಾಗದಲ್ಲಿ ಯಾರಿದ್ದರು, ಯಾಕೆ ಬಿಟ್ಟರು? ಇವೆರಡು ಸಾಕು. ನುಣುಚಿಕೊಂಡರೆ ನಿನಗೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ. ಅಲ್ಲೂ ಇದೇ ಹಳೇ ಟೆಸ್ಟಿಂಗ್ ಕೆಲಸವೇ ಆದರೆ, ಬರೀ ಟ್ರಾಫಿಕ್ ನೋಡಲು ಬೆಂಗಳೂರಿಗೆ ಬರಬೇಡ. ಮೈಸೂರಲ್ಲೇ ಇರು. ಆದರೆ ಟೀಮ್ ಬದಲಿಸಿ ಕೊಡಿ ಎಂದು ನಿನ್ನ ಮ್ಯಾನೇಜರ್ ಇರುವಾಗಲೇ ಕೇಳು. ಅವರಂಥವರು ಇದ್ದಾಗಲೇ ಇಂಥ ಕೆಲಸ ಆಗುವುದು.

ಕೆಲಸ ಒಳ್ಳೆಯದು ಅನ್ನಿಸಿದರೆ ಆಮೇಲೆ ದುಡ್ಡಿನ ಮಾತು. ಜಾಯಿನಿಂಗ್ ಬೋನಸ್ ನನಗೆ ಬೇಡ, ಅದನ್ನು ಫಿಕ್ಸೆಡ್ ಸಂಬಳಕ್ಕೆ ಸೇರಿಸಿ ಎಂದು ಕೇಳು. ಪೂರ್ತಿ ಸೇರಿಸದಿದ್ದರೂ ಅರ್ಧಕ್ಕಾದರೂ ಬರುತ್ತಾರೆ. ನಿನ್ನ ಪತ್ರದಲ್ಲಿ ಹನ್ನೆರಡು ತಿಂಗಳೊಳಗೆ ಬಿಟ್ಟರೆ ಬೋನಸ್ ಪೂರ್ತಿ ವಾಪಸ್ ಅಂತ ಇದೆ. ಕೈಗೆ ಬರುವುದು ತೆರಿಗೆ ಕಳೆದ ಹಣ, ವಾಪಸ್ ಕೇಳುವುದು ಇಡೀ ಒಂದು ಲಕ್ಷ. ವೇರಿಯಬಲ್ ಬಗ್ಗೆಯೂ ಹಿಂದಿನ ಎರಡು ವರ್ಷ ಎಷ್ಟು ಪರ್ಸೆಂಟ್ ಕೊಟ್ಟರು ಎಂದು ಮೇಲ್‌ನಲ್ಲಿ ಕೇಳು. ಬಾಯಿಮಾತಲ್ಲಿ ಎಲ್ಲರೂ ನೂರಕ್ಕೆ ನೂರು ಅನ್ನುತ್ತಾರೆ.

ಇದರಲ್ಲೇ ನೀನು ಮರೆತ ಇನ್ನೊಂದು ಲಕ್ಷ ಇದೆ. ನೀನು ಈಗಿನ ಕಂಪನಿ ಸೇರಿ ನಾಲ್ಕು ವರ್ಷ ಏಳು ತಿಂಗಳು. ಕಾಯಂ ನೌಕರರಿಗೆ ಗ್ರಾಚ್ಯುಟಿ ಕೈಗೆ ಬರಲು ಐದು ವರ್ಷ ಆಗಬೇಕು. ಲೆಕ್ಕ ಸುಲಭ. ಕೊನೆಯ ತಿಂಗಳ ಬೇಸಿಕ್ಕನ್ನು, ಅಂದರೆ ಮೂಲ ಸಂಬಳವನ್ನು, 26ರಿಂದ ಭಾಗಿಸಿ 15ರಿಂದ ಗುಣಿಸು, ಅದನ್ನು ವರ್ಷದಿಂದ ಗುಣಿಸು. ನಿನ್ನ ಬೇಸಿಕ್ 35 ಸಾವಿರ, ಐದು ವರ್ಷಕ್ಕೆ 1 ಲಕ್ಷದ ಮೇಲೆ ಬರುತ್ತದೆ. ಅವರು ಷರತ್ತು ಹಾಕಿ ಕೊಡುವ ಬೋನಸ್‌ಗಿಂತ ಒಂದು ಕೂದಲೆಳೆ ಜಾಸ್ತಿಯೇ. ಇದಕ್ಕೆ ವಾಪಸ್ ಕೊಡುವ ಷರತ್ತೂ ಇಲ್ಲ, ತೆರಿಗೆಯೂ ಇಲ್ಲ. ಇವತ್ತು ರಾಜೀನಾಮೆ ಕೊಟ್ಟರೂ 90 ದಿನ ನೋಟಿಸ್ ಮುಗಿಯುವಾಗ ನಾಲ್ಕು ವರ್ಷ ಹತ್ತು ತಿಂಗಳು ಆಗುತ್ತದೆ. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕು ಎಂದು ಮದ್ರಾಸ್ ಹೈಕೋರ್ಟ್ ಒಂದು ತೀರ್ಪು ಕೊಟ್ಟಿದೆ. ಕೆಲವು ಕಂಪನಿಗಳು ಅದನ್ನು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ನಿಮ್ಮವರು ಯಾವ ಕಡೆ ಎಂದು ಗೆಳೆಯರ ಮೂಲಕ ತಿಳಿದುಕೊ. ಒಪ್ಪದಿದ್ದರೆ ಹೊಸಬರ ಹತ್ತಿರ ಎರಡು ತಿಂಗಳು ಸಮಯ ಕೇಳು. ನಿಜವಾಗಿ ಬೇಕು ಅನ್ನುವವರು ಕಾಯುತ್ತಾರೆ.

ಪಿಎಫ್ ಮಾತ್ರ ಮುಟ್ಟಬೇಡ. ನಿನ್ನ ಪಿಎಫ್ ನಂಬರ್, ಅದೇ ಯುಎಎನ್, ಬದಲಾಗುವುದಿಲ್ಲ, ಹೊಸ ಖಾತೆಗೆ ವರ್ಗಾಯಿಸು. ಐದು ವರ್ಷದೊಳಗೆ ತೆಗೆದರೆ ತೆರಿಗೆಯೂ ಬೀಳುತ್ತದೆ. ಇದೆಲ್ಲ ನಿನಗೆ ಗೊತ್ತು, ಮುಂದೆ ಹೋಗೋಣ.

ಈಗ ಮುಖ್ಯವಾದ ಮಾತು. ಕೆಲಸ ಬದಲಿಸಿ ಕಷ್ಟಕ್ಕೆ ಬಿದ್ದವರನ್ನು ನಾನು ಬಹಳ ಜನರನ್ನು ನೋಡಿದ್ದೇನೆ. ಹೊಸ ಕೆಲಸ ಕೆಟ್ಟದಾಗಿದ್ದವರೆಲ್ಲ ಕಷ್ಟಪಡಲಿಲ್ಲ. ಹೊಸ ಸಂಬಳ ನೋಡಿ ಸಾಲ ಮಾಡಿದವರು ಪಟ್ಟರು. ನಮ್ಮ ಮೆಷಿನ್ ಶಾಪಿನ ಸೂಪರ್‌ವೈಸರ್ ಒಬ್ಬ ಹೀಗೇ ಜಾಸ್ತಿ ಸಂಬಳಕ್ಕೆ ಹೊಸೂರಿನ ಕಡೆಗೆ ಹೋದ. ಎರಡೇ ತಿಂಗಳಲ್ಲಿ ಫ್ಲಾಟಿಗೆ ಸಾಲ ತೆಗೆದ. ವರ್ಷ ತುಂಬುವ ಮೊದಲೇ ಅಲ್ಲಿನ ಯೂನಿಟ್ ಮುಚ್ಚಿತು. ನಮ್ಮವರು ಹಳೇ ಸಂಬಳಕ್ಕೆ ವಾಪಸ್ ಬಾ ಅಂದರು, ಪಾಪ ಒಳ್ಳೆಯವರು. ಆದರೆ ಆ ಸಂಬಳದಲ್ಲಿ ಇಎಂಐ ಕಟ್ಟಿ ಮನೆ ನಡೆಸುವ ಹಾಗಿರಲಿಲ್ಲ. ನನ್ನ ಎದುರೇ ಕೂತು ಕಾಗದದ ಮೇಲೆ ಮೂರು ಸಲ ಕೂಡಿ ಕಳೆದು ಎದ್ದು ಹೋದ. ಸಿಕ್ಕಿದ ಕೆಲಸಕ್ಕೆ ಸೇರಿಕೊಂಡ ಅಂತ ಆಮೇಲೆ ಕೇಳಿದೆ.

ಅದಕ್ಕೇ ಹೇಳುತ್ತೇನೆ, ಹೋದರೆ ಒಂದು ವರ್ಷ ಇದೇ 64 ಸಾವಿರದ ಮನುಷ್ಯನಾಗಿಯೇ ಬದುಕು. ಕಾರು ಬೇಡ, ಫ್ಲಾಟು ಬೇಡ, 20 ಸಾವಿರದ ಬಾಡಿಗೆ ಮನೆಯೂ ಬೇಡ. ನಮ್ಮ ಮಹಡಿಯ ರೂಮು ಖಾಲಿಯೇ ಇದೆ. ಗ್ರೀನ್ ಲೈನಿನಲ್ಲಿ ಮೆಜೆಸ್ಟಿಕ್‌ಗೆ ಬಂದು ಪರ್ಪಲ್ ಲೈನ್ ಹತ್ತಿದರೆ ವೈಟ್‌ಫೀಲ್ಡ್ ಕಡೆಗೆ ನೇರ. ಒಂದು ಗಂಟೆಯ ಮೇಲೆ ಹಿಡಿಯುತ್ತದೆ, ಬೆಳಿಗ್ಗೆ ಕೂರಲು ಜಾಗವೂ ಸಿಗುವುದಿಲ್ಲ. ಬೇಜಾರಾದರೆ ಆರು ತಿಂಗಳ ನಂತರ ಪಿಜಿ ನೋಡಿಕೊ. ಜಾಸ್ತಿ ಬರುವ 27 ಸಾವಿರ ಪ್ರತಿ ತಿಂಗಳೂ ತಪ್ಪದೆ ಬೇರೆ ಖಾತೆಗೆ ಹೋಗಲಿ. ಆಗ ಆ ಕೆಲಸ ಸರಿಬರದಿದ್ದರೆ ಯಾರ ಮುಖವನ್ನೂ ನೋಡದೆ ಎದ್ದು ಬರಬಹುದು. ಹಾಸಿಗೆ ಉದ್ದವಾಯಿತು ಅಂತ ಕಾಲು ಚಾಚಲೇಬೇಕು ಅಂತೇನಿಲ್ಲ.

ಬಾಡಿಗೆ ಉಳಿಯಿತು ಅಂದಮೇಲೆ ದುಡ್ಡಿನ ಲೆಕ್ಕವೂ ತಿರುಗಿತು, ಗಮನಿಸಿದೆಯಾ? ಅತ್ತೆಗೆ ಬಾಡಿಗೆ ಕೊಡುತ್ತೇನೆ ಅಂತ ಮಾತ್ರ ಶುರು ಮಾಡಬೇಡ. ಭಾನುವಾರ ತರಕಾರಿ ತಂದುಕೊಡು, ಸಾಕು.

ನೀನು ರಾಜೀನಾಮೆ ಕೊಟ್ಟ ದಿನ ನಿಮ್ಮ ಕಂಪನಿಯವರು ಇದ್ದಕ್ಕಿದ್ದಂತೆ ಸಂಬಳ ಏರಿಸುತ್ತೇವೆ ಅನ್ನಬಹುದು. ಆ ಮಾತಿಗೆ ಕರಗಿ ಉಳಿಯಬೇಡ. ಉಳಿಯುವುದಾದರೆ ಪತ್ರ ಕೊಡುವ ಮೊದಲೇ ಉಳಿ. ಬಿಡುತ್ತೇನೆ ಅಂದ ಮೇಲೆ ಸಿಕ್ಕ ಏರಿಕೆಯನ್ನು ಮುಂದಿನ ಇನ್‌ಕ್ರಿಮೆಂಟಿನಲ್ಲಿ ಹಿಡಿದುಕೊಳ್ಳುವುದನ್ನು ನಾನೇ ಟೈಪ್ ಮಾಡಿದ್ದೇನೆ.

ನಿಮ್ಮಪ್ಪನ ಮಂಡಿ ನೋವಿನ ವಿಷಯ ತೆಗೆದೆ. ನಿಜವಾಗಿ ಅದೇ ಕಾರಣವಾದರೆ ಉಳಿಯುವುದರಲ್ಲಿ ತಪ್ಪಿಲ್ಲ, ನಾನು ಒಂದು ಮಾತೂ ಆಡುವುದಿಲ್ಲ. ಆದರೆ ಧೈರ್ಯ ಸಾಲದೆ ಉಳಿದು ಅಪ್ಪನ ಹೆಸರು ಹೇಳಬೇಡ. ಅಣ್ಣನನ್ನು ನಾನು ಚಿಕ್ಕಂದಿನಿಂದ ನೋಡಿದವಳು. "ನನ್ನಿಂದ ಮಗ ಉಳಿದ" ಎನ್ನುವುದು ಅವನ ಕಿವಿಗೆ ಬಿದ್ದರೆ ಮಂಡಿಗಿಂತ ಅದೇ ಜಾಸ್ತಿ ನೋಯುತ್ತದೆ. ಮೈಸೂರು ಮೂರು ಗಂಟೆಯ ದಾರಿ. ಆಪರೇಷನ್ ದಿನ ಗೊತ್ತಾದರೆ ನಾನೂ ಬಂದು ಇರುತ್ತೇನೆ. ಇನ್ನು ನಿಮ್ಮಮ್ಮ. "ಬೆಂಗಳೂರು, 16 ಲಕ್ಷ" ಎಂದು ಕೇಳಿದ ತಕ್ಷಣ ಜಾತಕಗಳನ್ನು ಹೊರಗೆ ತೆಗೆಯುತ್ತಾಳೆ, ಅದಕ್ಕೂ ಸಿದ್ಧನಾಗಿರು.

ನನ್ನನ್ನು ಕೇಳಿದರೆ, ಆ ಎರಡು ಪ್ರಶ್ನೆಗೆ ನೇರ ಉತ್ತರ ಬಂದರೆ ಹೋಗು. ರಾಜೀನಾಮೆ ಮೇಲ್ ಒತ್ತುವ ಮೊದಲು ತಿದ್ದಿದ ಆಫರ್ ಲೆಟರ್ ಕೈಯಲ್ಲಿರಲಿ, ಸೇರುವ ತಾರೀಕೂ ಅದರಲ್ಲಿರಲಿ. ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ ಅಂದೆ. ಈ ವಾರವೇ ಕೂರಿಸಿಕೊಂಡು ಹೇಳು, ನನ್ನ ಬಾಯಿಂದ ಹೇಳಿಸಬೇಡ. ಶನಿವಾರ ಬರುವುದಾದರೆ ಕಳೆದ ಮೂರು ತಿಂಗಳ ಪೇ ಸ್ಲಿಪ್ ತೆಗೆದುಕೊಂಡು ಬಾ. ಬೇಸಿಕ್ ಎಷ್ಟು ಅಂತ ನೀನು ಅಂದಾಜಿನಲ್ಲಿ ಹೇಳಿದ್ದೀಯ, ನನಗೆ ಕಣ್ಣಲ್ಲಿ ನೋಡಬೇಕು.

ಇಂತಿ,
ನಿನ್ನ ಅತ್ತೆ